ಬೆರಳಚ್ಚಿನ ದೋಷ

ಕೂಳೂರಿನ ಹೊಳೆಬದಿ, ಹದಿನೇಳು ಸೆಂಟ್ಸು,
ಹೆಂಚಿನ ಮನೆ, ಒಂದು ಬಾವಿ, ಮೂರು ತೆಂಗು.
ವಾದಿ ಜಲಜ ಪೂಜಾರ್ತಿ, ಪ್ರಾಯ ಎಪ್ಪತ್ತೊಂದು.
ಅವರು ಹೇಳಿದ್ದು ತುಳುವಿನಲ್ಲಿ.
ಮೊಬೈಲಿನಲ್ಲಿ ಹಿಡಿದುಕೊಂಡೆ,
ರಾತ್ರಿ ಹನ್ನೊಂದಕ್ಕೆ ಯಂತ್ರದ ಬಾಯಿಗೆ ಹಾಕಿದೆ.
ಒಂದು ನೀರುದೋಸೆ ಏಳುವಷ್ಟು ಹೊತ್ತಿನಲ್ಲಿ
ಕನ್ನಡದ ಪ್ರಮಾಣಪತ್ರ ತಯಾರು,
ಪ್ಯಾರಾಕ್ಕೆ ಅಂಕೆ, ಅಂಕೆಗೆ ಚುಕ್ಕಿ.

ಒಂದು ತಪ್ಪು ಕಂಡೆ.
ಕುಟುಂಬದ ‘ಕವರು’ ಎಂದಿದ್ದರು ಅವರು,
ತಾಯಿಯಿಂದ ಒಡೆದ ಕವಲು;
ಯಂತ್ರ ‘ಲಕೋಟೆ’ ಎಂದು ಬರೆದಿತ್ತು.
ಒಬ್ಬಳೇ ನಕ್ಕೆ, ತಿದ್ದಿದೆ.
ತಿದ್ದಿದವಳಿಗೆ ಒಂದು ಗರ್ವ ಬರುತ್ತದೆ;
ಆ ಗರ್ವದಲ್ಲಿ ಉಳಿದ ನಾಲ್ಕು ಪುಟ ಓದಲಿಲ್ಲ.

ಮರುದಿನ ಕೋರ್ಟಿನ ಮೆಟ್ಟಿಲ ಮೇಲೆ
ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ನನ್ನ ರುಜು.
ಕೆಳಗೆ ಎಂದಿನ ಸಾಲು:
‘ಓದಿ ಹೇಳಲಾಗಿ, ಸರಿಯಿದೆಯೆಂದು ಒಪ್ಪಿರುತ್ತಾರೆ.’
ಓದಿದವರು ಯಾರು? ಹೇಳಿದವರು?
ಕರ್ತೃ ಇಲ್ಲದ ವಾಕ್ಯ ನಮ್ಮ ವೃತ್ತಿಗೆ ಬಹಳ ಪ್ರಿಯ.

ಕಂಡುಹಿಡಿದವರು ಸೇಸಪ್ಪಣ್ಣ.
ಮೊದಲು ಟೈಪಿಸ್ಟ್, ಈಗ ಜೆರಾಕ್ಸ್;
ಟೈಪ್‌ರೈಟರಿಗೆ ಮೇಣಬಟ್ಟೆ, ಅದರ ಮೇಲೆ ಚಾದ ಗ್ಲಾಸು.
ಪ್ರತಿ ತೆಗೆಯುತ್ತಾ ನಿಂತರು, ಬೆರಳಿಟ್ಟು ತೋರಿಸಿದರು:
‘ಸದರಿ ಮನೆ ನನ್ನ ತಂದೆಗೆ ಸೇರಿದ್ದು.
ನನ್ನ ತಾಯಿ ಬೊಂಬಾಯಿಯಲ್ಲಿ ತೀರಿಕೊಂಡರು.’

ಅಪ್ಪೆ ಎಂದರೆ ತಾಯಿ ನಮ್ಮಲ್ಲಿ, ಅಮ್ಮೆ ಎಂದರೆ ತಂದೆ.
ಇದು ನನಗೆ ಗೊತ್ತಿಲ್ಲವೆ?
ಹಾಲು ಕುಡಿಯುವಾಗಲೇ ಗೊತ್ತು.
ಅಳಿಯಸಂತಾನದ ದಾವೆ ಇದು,
ಅಪ್ಪೆ ಹೋದರೆ ಮನೆಯೂ ಹೋಯಿತು;
ಒಂದು ಎತ್ವ ಉದುರಿದ್ದಕ್ಕೆ
ಹದಿನೇಳು ಸೆಂಟ್ಸು, ಬಾವಿ ಸಮೇತ.

ಹಿರಿಯರು ತಾವ್ರೊ ಕನ್ನಡಕ ಹಣೆಗೇರಿಸಿದರು:
‘ಎದುರಿನವರು ಇನ್ನೂ ನೋಡಿಲ್ಲ.
ಬೆರಳಚ್ಚಿನ ದೋಷ ಅಂತ ಒಂದು ಮೆಮೊ ಹಾಕು, ಮುಗಿಯಿತು.’
ಒಳ್ಳೆಯ ಮನುಷ್ಯ. ನನ್ನ ಮರ್ಯಾದೆಗೆಂದೇ ಅಂದದ್ದು.
ಆದರೆ ಯಾರ ಬೆರಳು, ಸರ್?
ಬರೆದದ್ದಕ್ಕೆ ಬೆರಳೇ ಇಲ್ಲ.
ಆ ಕಾಗದದ ಮೇಲೆ ಇದ್ದ ಬೆರಳು ಒಂದೇ,
ಜಲಜಕ್ಕನ ಹೆಬ್ಬೆಟ್ಟು.

ಸೇಸಪ್ಪಣ್ಣ ಕಾಗದ ಜೋಡಿಸುತ್ತಾ, ನನ್ನ ಮುಖ ನೋಡದೆ,
‘ಮೂವತ್ತೆಂಟು ವರ್ಷ ಹೊಡೆದಿದ್ದೇನೆ ಮಾರಾಯ್ತಿ,
ಅಪ್ಪೆಯನ್ನು ಅಪ್ಪ ಮಾಡಿದವನಲ್ಲ’ ಎಂದರು.

ಮೆಮೊ ಬರೆದೆ, ಕೈಯಲ್ಲೇ:
ಯಂತ್ರದಿಂದ ಭಾಷಾಂತರ ಮಾಡಿಸಲಾಯಿತು. ಓದಿರುವುದಿಲ್ಲ. ಓದಿ ಹೇಳಿರುವುದೂ ಇಲ್ಲ.
ಮತ್ತೆ ನೋಡಿದರೆ ಮೂರರಲ್ಲೂ ಕರ್ತೃ ಇಲ್ಲ.
ಹೊಡೆದುಹಾಕಿ
ನಾನು, ನಾನು, ನಾನು ಎಂದು ಸೇರಿಸಿದೆ.

ಇನ್ನೊಂದು ಆ ಮೆಮೊದಲ್ಲಿ ಇಲ್ಲ.
ತಮ್ಮನ ವಿಷಯ, ಅವರು ದನಿ ತಗ್ಗಿಸಿ ಹೇಳಿದ್ದು,
ಬಾಗಿಲು ಹಾಕು ಮಗಾ ಎಂದು, ಹಾಕಿದ ಮೇಲೆ ಹೇಳಿದ್ದು,
ಅದೂ ಆ ರಾತ್ರಿ ಅದೇ ಬಾಯಿಗೆ ಹೋಗಿದೆ.
ಎಲ್ಲಿದೆ ಈಗ? ಯಾವ ಊರಿನ ತಣ್ಣನೆ ಕೋಣೆಯಲ್ಲಿ?
ವಾಪಸು ಕೊಡಿ ಎಂದು
ಯಾವ ನ್ಯಾಯಾಲಯದಲ್ಲಿ ಅರ್ಜಿ?

ಭಾನುವಾರ ನೋಟರಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು
ಕೂಳೂರಿಗೆ ಹೋದೆ.
ಸೇತುವೆಯ ಮೇಲೆ ಲಾರಿಗಳ ಸದ್ದು,
ನಡುನಡುವೆ ನಿಲ್ಲಿಸಿ, ಮತ್ತೆ ಹೇಳಿ,
ಬಾವಿಕಟ್ಟೆಯಲ್ಲಿ ಕೂತು ಹೊಸ ಪ್ರಮಾಣಪತ್ರ
ಒಂದೊಂದೇ ಪ್ಯಾರಾ ತುಳುವಿನಲ್ಲಿ ಓದಿದೆ.
‘ಈ ಇಲ್ಲ್ ಎನ್ನ ಅಪ್ಪೆನವು’
ಎಂದಾಗ ತಲೆಯಾಡಿಸಿದರು.

ಮಸಿಯ ಹೆಬ್ಬೆಟ್ಟನ್ನು ಕೂದಲಿಗೆ ಒರೆಸಿಕೊಂಡು
ಸ್ವಲ್ಪ ಹೊತ್ತು ಬಿಟ್ಟು ಕೇಳಿದರು:
‘ಹಾಗಾದರೆ ಮೊನ್ನೆ ನಾನು ಒತ್ತಿದ್ದು
ಯಾವುದಕ್ಕೆ, ಮಗಾ?’

ಇಂಕ್ ಪ್ಯಾಡಿನ ಮುಚ್ಚಳ ಹಾಕಿದೆ.
ಸರಿಯಾಗಿ ಕೂರಲಿಲ್ಲ.